ಮೊದಲ ಹಾರ್ಡ್ ರಾಕ್ ಆಲ್ಬಮ್: ನಾಲ್ವರೂ ಕೂಡಿ ನುಡಿಸಿ ರೆಕಾರ್ಡ್ ಮಾಡಬೇಕೇ, ಬಿಡಿಬಿಡಿಯಾಗಿಯೇ?

ನವನಗರದ ಗಿಟಾರು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆಯ ನಾಲ್ವರು ಹುಡುಗರು ಮೂರು ವರ್ಷಗಳಿಂದ ಹಾರ್ಡ್ ರಾಕ್ ನುಡಿಸುತ್ತಿದ್ದೇವೆ. ಗಿಟಾರಿಗೆ ಇಬ್ಬರು, ಬೇಸ್ ಗಿಟಾರಿಗೆ ಒಬ್ಬ, ಡ್ರಮ್ಸಿಗೆ ಒಬ್ಬ. ಹಾಡುವ ಕೆಲಸವೂ ನನ್ನದೇ. ಮೂವರು ಎಂಜಿನಿಯರಿಂಗ್ ಓದುತ್ತಿದ್ದೇವೆ, ಡ್ರಮ್ಮರ್ ತನ್ನ ತಂದೆಯ ಸೀರೆ ಅಂಗಡಿಯಲ್ಲಿ ಕೂರುತ್ತಾನೆ. ಈಗ ಎಂಟು ಹಾಡುಗಳು ಸಿದ್ಧವಾಗಿವೆ, ಒಟ್ಟು ನಲವತ್ತು ನಿಮಿಷದಷ್ಟಾಗುತ್ತದೆ. ಎಂಟೂ ಕನ್ನಡದಲ್ಲಿವೆ, ಎಂಟೂ ಮುಳುಗಡೆಯ ಕುರಿತಾದವು. ನಾವೆಲ್ಲ ಹುಟ್ಟಿದ್ದು ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ಸೆಕ್ಟರುಗಳಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹೋದ ಹಳೆಯ ಓಣಿಯನ್ನು ನಾವು ಹಿರಿಯರ ಬಾಯಲ್ಲಿ ಮಾತ್ರ ನೋಡಿದ್ದೇವೆ. ನನ್ನ ಅಜ್ಜನ ಪೆಟ್ಟಿಗೆಯಲ್ಲಿ ಆ ಮನೆಯ ಚಾವಿ ಇನ್ನೂ ಇದೆ, ಅದು ತೆಗೆಯಬೇಕಾದ ಬಾಗಿಲು ಮಾತ್ರ ಇಲ್ಲ.

ಕಳೆದ ವರ್ಷ ಒಂದು ಸ್ಟುಡಿಯೊದಲ್ಲಿ ಒಂದು ಹಾಡನ್ನು ರೆಕಾರ್ಡ್ ಮಾಡಿಸಿದೆವು. ಅಲ್ಲಿ ಮೊದಲು ಡ್ರಮ್ಮರ್ ಒಬ್ಬನನ್ನೇ ಕೂರಿಸಿ, ಕಿವಿಗೆ ಲಯ ತೋರಿಸುವ ಕ್ಲಿಕ್ ಸದ್ದು ಹಾಕಿ, ಖಾಲಿ ಕೋಣೆಯಲ್ಲಿ ನುಡಿಸಿದರು. ಮರುದಿನ ನನ್ನಿಂದ ಒಂದೇ ರಿಫ್ಫನ್ನು (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕನ್ನು) ನಾಲ್ಕು ಸಲ ನುಡಿಸಿಕೊಂಡರು. ಹದಿನೈದು ದಿನಗಳ ನಂತರ ಹಾಡು ಕೈಗೆ ಬಂದಾಗ ತಪ್ಪು ಹುಡುಕಲು ಸಾಧ್ಯವಿರಲಿಲ್ಲ, ಎಲ್ಲವೂ ಅಳತೆಗೆ ಸರಿಯಾಗಿತ್ತು. ಆದರೆ ಡ್ರಮ್ಮರ್ ಎರಡು ಸಲ ಕೇಳಿ, "ಇದು ನನ್ನ ಡ್ರಮ್ ಅಲ್ಲ" ಎಂದ. ವಿಚಾರಿಸಿದಾಗ ಅವನ ಪ್ರತಿಯೊಂದು ಬಡಿತದ ಜಾಗದಲ್ಲೂ ಕಂಪ್ಯೂಟರಿನಲ್ಲಿದ್ದ ಸಿದ್ಧ ಸದ್ದನ್ನು ಕೂರಿಸಿದ್ದು ತಿಳಿಯಿತು. ನಾವು ಅಭ್ಯಾಸ ಮಾಡುವುದು ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ. ಬೇಸ್ ಕೆಳಗಿನ ಸ್ವರಕ್ಕೆ ಇಳಿದಾಗಲೆಲ್ಲ ಮೇಲಿನ ತಗಡು ಗಡಗಡ ನಡುಗುತ್ತದೆ. ಆ ರೆಕಾರ್ಡಿಂಗಿನಲ್ಲಿ ಏನೂ ನಡುಗುತ್ತಿರಲಿಲ್ಲ.

ನಾಲ್ವರೂ ಸೇರಿ ಅರವತ್ತು ಸಾವಿರ ರೂಪಾಯಿ ಕೂಡಿಸಿದ್ದೇವೆ. ಬೆಳಗಾವಿಯಲ್ಲಿ ಎರಡು ದಿನ ಒಂದು ಹಾಲ್ ಹಿಡಿದು ಎಲ್ಲರೂ ಒಟ್ಟಿಗೆ ನುಡಿಸಿ ಮುಗಿಸಬೇಕೇ, ಅಥವಾ ನಿಧಾನವಾಗಿ ಒಂದೊಂದೇ ವಾದ್ಯವನ್ನು ಸೇರಿಸುತ್ತ ಹೋಗಬೇಕೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು ಸಾಹಿತ್ಯದ್ದು. ಗಿಟಾರಿನ ಮೇಲೆ ಯಾರೋ ಭಾವಗೀತೆ ಓದಿದಂತೆ ಕೇಳುತ್ತದೆಂದು ಗೆಳೆಯರು ನಗುತ್ತಾರೆ. ಇಂಗ್ಲಿಷಿನಲ್ಲಿ ಬರೆಯಿರಿ ಎನ್ನುವವರೂ ಇದ್ದಾರೆ. ಮೊದಲ ಹಾಡಿನ ಎರಡು ಸಾಲು ಹೀಗಿವೆ:

ಮರೆತ ನೆನಪಿನ ಮಡಿಲ ಅಲೆಯಲಿ
ಮುಳುಗಿ ಹೋಗಿಹ ಮನೆಯ ನೆನೆವೆನು

ಬಲ್ಲವರು ತಿಳಿಸಬೇಕಾಗಿ ವಿನಂತಿ.

ಟಿಳಕವಾಡಿಯ ಮೈಕು, ಬೆಳಗಾವಿ

ನಿಮ್ಮ ಡ್ರಮ್ಮರನ ಕಿವಿ ಚೆನ್ನಾಗಿದೆ. ಬಡಿತದ ಜಾಗದಲ್ಲಿ ಸಿದ್ಧ ಸದ್ದನ್ನು ಕೂರಿಸುವುದು ಈಗ ಎಲ್ಲೆಡೆ ನಡೆಯುವ ರೂಢಿಯಾದರೂ ಅವನನ್ನು ಕೇಳದೆ ಮಾಡಬಾರದಿತ್ತು. ಮುಂದಿನ ಸಲ ಎಲ್ಲಿಗೆ ಹೋದರೂ ಇದನ್ನು ಮೊದಲೇ ಮಾತಾಡಿಕೊಳ್ಳಿ, ಮೂಲ ಟ್ರ್ಯಾಕುಗಳ ಪ್ರತಿಯನ್ನು ಪಡೆದುಕೊಂಡೇ ಹೊರಗೆ ಬನ್ನಿ.

ಒಟ್ಟಿಗೆ ನುಡಿಸುವುದೆಂದರೆ ಎಲ್ಲ ಸದ್ದನ್ನೂ ಒಂದೇ ಕೋಣೆಯಲ್ಲಿ ತುಂಬುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮನುಷ್ಯರು ಒಂದೇ ಕಡೆ ಇರಬೇಕು, ಒಬ್ಬರ ಕಣ್ಣು ಇನ್ನೊಬ್ಬರಿಗೆ ಕಾಣಬೇಕು. ಆಂಪುಗಳು, ಅಂದರೆ ಗಿಟಾರಿನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆಗಳು, ಬೇರೆ ಕೋಣೆಯಲ್ಲಿದ್ದರೆ ತೊಂದರೆಯಿಲ್ಲ. ಡ್ರಮ್ಸನ್ನು ಹಾಲಿನಲ್ಲಿಡಿ, ಗಿಟಾರಿನ ಎರಡು ಆಂಪುಗಳನ್ನು ಉದ್ದನೆಯ ಕೇಬಲ್ ಹಾಕಿ ಪಕ್ಕದ ಕೋಣೆಗಳಲ್ಲಿಟ್ಟು ಬಾಗಿಲು ಮುಚ್ಚಿ, ಬೇಸನ್ನು ಆಂಪು, ಮೈಕುಗಳಿಲ್ಲದೆ ಡಿಐ ಬಾಕ್ಸಿನ ಮೂಲಕ ನೇರವಾಗಿ ಕೇಬಲಿನಿಂದಲೇ ತೆಗೆದುಕೊಳ್ಳಿ. ನಾಲ್ವರೂ ಹೆಡ್‌ಫೋನ್ ಹಾಕಿಕೊಂಡು ಡ್ರಮ್ಸಿನ ಸುತ್ತ ನಿಲ್ಲಿ. ನೀವು ಆಗ ಹಾಡುವುದು ಗುರುತಿಗೆ ಮಾತ್ರ, ನಿಜವಾದ ಹಾಡುಗಾರಿಕೆಯನ್ನು ಆಮೇಲೆ ಬಿಡುವಾಗಿ ತೆಗೆದುಕೊಳ್ಳಬಹುದು. ಹೀಗೆ ಮಾಡಿದರೆ ಒಂದು ವಾದ್ಯದ ದನಿ ಇನ್ನೊಂದರ ಮೈಕಿಗೆ ಸೋರುವುದು ಹತೋಟಿಯಲ್ಲಿರುತ್ತದೆ, ಗಿಟಾರಿನವನು ಒಂದೆಡೆ ತಪ್ಪಿದರೆ ಅಷ್ಟನ್ನೇ ತಿದ್ದಿಕೊಳ್ಳಲೂ ಬರುತ್ತದೆ. ಒಂದೇ ಕೋಣೆಯಲ್ಲಿ ಎರಡು ಮೈಕ್ ಇಡಲೇಬೇಕಾದಾಗ ಮೈಕು ತನ್ನ ವಾದ್ಯದಿಂದ ಎಷ್ಟು ದೂರವಿದೆಯೋ ಅದರ ಮೂರು ಪಟ್ಟು ದೂರವನ್ನು ಎರಡು ಮೈಕುಗಳ ನಡುವೆ ಬಿಡಿ.

ಡ್ರಮ್ಸಿನ ಮೇಲೆ ತೂಗುಬಿಡುವ ಎರಡು ಮೈಕುಗಳ ವಿಷಯದಲ್ಲಿ ಕಣ್ಣಳತೆಯನ್ನು ನಂಬಬೇಡಿ. ಒಂದು ದಾರ ತೆಗೆದುಕೊಂಡು, ಒಂದು ತುದಿಯನ್ನು ಸ್ನೇರ್ ಎಂಬ ಮುಖ್ಯ ಡ್ರಮ್ಮಿನ ನಟ್ಟನಡುವೆ ಒತ್ತಿ ಹಿಡಿದು, ಇನ್ನೊಂದು ತುದಿ ಎರಡೂ ಮೈಕುಗಳನ್ನು ಸಮನಾಗಿ ಮುಟ್ಟುವಂತೆ ಸ್ಟ್ಯಾಂಡುಗಳನ್ನು ಸರಿಸಿ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದಡಿ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ತಡವಾಗುತ್ತದೆ. ಅದು ತಡವೆಂದು ಕಿವಿಗೆ ತಿಳಿಯುವುದಿಲ್ಲ; ಆದರೆ ಎರಡು ದನಿಗಳನ್ನು ಕೂಡಿಸಿದಾಗ ಸ್ನೇರಿನ ಗಾತ್ರವೇ ಇಳಿದುಹೋಗಿ ಬಿಸ್ಕತ್ತಿನ ಡಬ್ಬಿ ಬಡಿದಂತೆ ಕೇಳುತ್ತದೆ.

ಹಾಲ್ ದೊಡ್ಡದಾದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ತಿರುಗಿ ಬರುವುದನ್ನು ನಾವೆಲ್ಲ ಶಾಲೆಯ ಪ್ರವಾಸದಲ್ಲಿ ಕೇಳಿ ಕುಣಿದವರೇ, ಆದರೆ ಹಾರ್ಡ್ ರಾಕಿಗೆ ಅದೇ ಗುಣ ವಿಷ. ಬಡಿತ ಬಿದ್ದ ಕೂಡಲೇ ಸದ್ದು ತುಸು ಅರಳಿ, ಮುಂದಿನ ಬಡಿತ ಬರುವಷ್ಟರಲ್ಲಿ ಅಡಗಬೇಕು. ಮದುವೆಯ ಕಾರ್ಯಾಲಯದಂಥ ಜಾಗ ಸಿಕ್ಕರೆ ಮನೆಮನೆಯಿಂದ ಕೌದಿ, ಜಮಖಾನಗಳನ್ನು ತಂದು ಬರಿಗೋಡೆಗಳ ಮೇಲೆ ಇಳಿಬಿಡಿ.

ಕರೆಂಟಿನ ಮಾತನ್ನೂ ಹೇಳಬೇಕು. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನಲ್ಲಿ ಒಂದೇ ಸುರುಳಿಯಿರುವ (ಸಿಂಗಲ್ ಕಾಯಿಲ್) ಗಿಟಾರು ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಎನ್ನುವ ಸದ್ದನ್ನು ಎಳೆದುಕೊಳ್ಳುತ್ತದೆ. ಆ ಸದ್ದನ್ನು ತಡೆಯುವ ಎರಡು ಸುರುಳಿಯ ಪಿಕಪ್, ಅಂದರೆ ಹಂಬಕರ್, ಇರುವ ಗಿಟಾರು ಸಿಕ್ಕರೆ ಒಳ್ಳೆಯದು. ಆ ಸದ್ದನ್ನು ಅಡಗಿಸಲು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಕೀಳುವವರನ್ನು ಗಣಪತಿ ಮಂಟಪಗಳಲ್ಲಿ ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ ಹೊಡೆಯುವ ಶಾಕ್ ಜೀವಕ್ಕೇ ಎರವಾದೀತು.

ಇಷ್ಟೆಲ್ಲ ಅಣಿ ಮಾಡಿಕೊಂಡರೆ ಎರಡು ದಿನ ಸಾಕು. ಒಟ್ಟಿಗೇ ನುಡಿಸಿ.

ಹಳೆಯ ಕ್ಯಾಸೆಟ್ಟು, ವಿಜಯಪುರ

ಮೈಕಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅವರು ಒಂದು ಪ್ರಶ್ನೆಯನ್ನು ಕೇಳದೆಯೇ ತೀರ್ಪು ಕೊಟ್ಟಿದ್ದಾರೆ. ಈ ಎಂಟು ಹಾಡುಗಳನ್ನು ನೀವು ಪರಿಚಯವಿಲ್ಲದ ಜನರ ಮುಂದೆ ಎಷ್ಟು ಸಲ ನುಡಿಸಿದ್ದೀರಿ? ಮಾಳಿಗೆಯ ಕೋಣೆಯ ಲೆಕ್ಕ ಬೇಡ.

ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬಾತ್ ತಂಡ ತನ್ನ ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೊ ಒಂದರಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿತು, 1970ರ ಫೆಬ್ರವರಿ 13ರಂದು ಅದು ಹೊರಬಂತು. ಲೆಡ್ ಜೆಪ್ಲಿನ್ ತಂಡದ ಮೊದಲ ಆಲ್ಬಮ್ಮಿಗೆ ತಗುಲಿದ್ದು ಒಟ್ಟು ಮೂವತ್ತಾರು ಗಂಟೆ. ಈ ಕಥೆಗಳನ್ನು ಓದಿದ ಹುಡುಗರು ಆತುರವೇ ಕಲೆಯೆಂದು ತಿಳಿಯುತ್ತಾರೆ. ಆದರೆ ಸಬ್ಬಾತಿನ ನಾಲ್ವರು ಆ ಹಾಡುಗಳನ್ನು ಕ್ಲಬ್ಬುಗಳಲ್ಲಿ, ಕುಡಿದು ಗದ್ದಲ ಮಾಡುವವರ ಮುಂದೆ, ರಾತ್ರಿ ಮೇಲೆ ರಾತ್ರಿ ನುಡಿಸಿ ಸವೆಸಿದ್ದರು. ಜೆಪ್ಲಿನ್ನಿನವರು 1968ರ ಸೆಪ್ಟೆಂಬರಿನಲ್ಲಿ ಸ್ಕ್ಯಾಂಡಿನೇವಿಯದ ಊರುಗಳಲ್ಲಿ ನುಡಿಸಿ ಬಂದ ಮೇಲೆಯೇ ಸ್ಟುಡಿಯೊಗೆ ಕಾಲಿಟ್ಟರು. ಆ ಒಂದು ದಿನ, ಆ ಮೂವತ್ತಾರು ಗಂಟೆ, ಮುಂಚೆಯೇ ನಡೆದ ಕೆಲಸದ ಫಸಲು. ಬಿತ್ತದವನು ರಾಶಿ ಮಾಡಲು ಒಂದೇ ದಿನ ಸಾಕೆಂದರೆ ಏನು ಹೇಳುವುದು?

ಇದಕ್ಕೆ ತದ್ವಿರುದ್ಧವಾದ ದಾರಿಯೂ ಇದೆ. ಬಾಸ್ಟನ್ ಎಂಬ ತಂಡದ 1976ರ ಮೊದಲ ಆಲ್ಬಮ್ಮಿನ ಹೆಚ್ಚಿನ ಭಾಗವನ್ನು ಟಾಮ್ ಶೋಲ್ಜ್ ತನ್ನ ಮನೆಯ ನೆಲಮಾಳಿಗೆಯಲ್ಲಿ, ಒಂದರ ಮೇಲೊಂದು ಪದರವಿಟ್ಟು ಕಟ್ಟಿದ. ಹಗಲು ಪೊಲರಾಯ್ಡ್ ಕಂಪನಿಯಲ್ಲಿ ಎಂಜಿನಿಯರ್ ಕೆಲಸ, ರಾತ್ರಿ ಟೇಪಿನ ಮುಂದೆ. ಅದೇನು ಜೀವವಿಲ್ಲದ ಆಲ್ಬಮ್ಮಲ್ಲ, ಅಮೆರಿಕದಲ್ಲಿ ಒಂದು ಕೋಟಿಗೂ ಹೆಚ್ಚು ಪ್ರತಿ ಹೋಗಿದೆ. ಆದ್ದರಿಂದ ಬಿಡಿಬಿಡಿಯಾಗಿ ನುಡಿಸಿದ್ದಕ್ಕೇ ನಿಮ್ಮ ಹಾಡು ಸತ್ತಿತೆಂದು ನಾನು ಒಪ್ಪುವುದಿಲ್ಲ. ಶೋಲ್ಜನಿಗೆ ಪ್ರತಿ ಪದರವೂ ಏಕೆ ಬೇಕೆಂಬುದು ಗೊತ್ತಿತ್ತು. ನಿಮ್ಮ ಪದರಗಳನ್ನು ನಿಶ್ಚಯಿಸಿದವರು ಬೇರೆಯವರು.

ಇನ್ನೊಂದು ಎಚ್ಚರಿಕೆ. 2018ರಲ್ಲಿ ಗ್ರೇಟಾ ವ್ಯಾನ್ ಫ್ಲೀಟ್ ಎಂಬ ಅಮೆರಿಕದ ಎಳೆಯರ ತಂಡ ತನ್ನ ಮೊದಲ ಪೂರ್ಣ ಆಲ್ಬಮ್ ತಂದಾಗ, ಇವರು ಲೆಡ್ ಜೆಪ್ಲಿನ್ನಿನ ನೆರಳೆಂಬ ಮಾತನ್ನು ಎಷ್ಟು ವಿಮರ್ಶಕರು ಆಡಿದರೆಂದರೆ, ಹಾಡುಗಳ ಗುಣದೋಷದ ಚರ್ಚೆಯೇ ಹಿಂದೆ ಸರಿಯಿತು. ನುಡಿಸಾಣಿಕೆಯಲ್ಲಿ ಆ ಹುಡುಗರು ಕಡಿಮೆಯವರಲ್ಲ. ನಿಮಗೆ ಆ ಭಯ ಕಡಿಮೆ, ಏಕೆಂದರೆ ನಿಮ್ಮ ಹತ್ತಿರ ಚಾವಿ ಇದೆ. ಸಬ್ಬಾತಿನ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹದಿನೇಳನೆಯ ವಯಸ್ಸಿಗೆ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡ. ಎಡಚನಾದ್ದರಿಂದ ತಂತಿ ಒತ್ತುವುದು ಅದೇ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ ನುಡಿಸಿದ. ಆ ನುಡಿಸಾಣಿಕೆಯ ಭಾರ ಅವನ ಊರಿನಿಂದ, ಅವನ ಕೈಯಿಂದ ಬಂದದ್ದು. ಸಬ್ಬಾತಿನ ಆ ಮೊದಲ ಆಲ್ಬಮ್ಮಿನ ಮೊದಲ ಹಾಡು ಮಳೆಯ ಸದ್ದಿನೊಂದಿಗೆ, ದೂರದ ಗಂಟೆಯೊಂದಿಗೆ ತೆರೆದುಕೊಳ್ಳುತ್ತದೆ, ಮುಖ್ಯ ರಿಫ್ ನಿಂತಿರುವುದು ಮೂರೇ ಸ್ವರಗಳ ಮೇಲೆ: ಷಡ್ಜ, ತಾರ ಷಡ್ಜ, ತೀವ್ರ ಮಧ್ಯಮ. ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಭಾಗದ ಕಿವಿಗೆ ಆ ತೀವ್ರ ಮಧ್ಯಮದ ಚುಚ್ಚು ಕೂಡಲೇ ತಿಳಿಯುತ್ತದೆ. ಆದರೆ ಮಳೆಯನ್ನು ಸೇರಿಸಿದ್ದು ಬ್ಯಾಂಡು ನುಡಿಸಿ ಹೋದ ಮೇಲೆ. ಹಿನ್ನೀರಿನ ಅಲೆಯ ಸದ್ದು ಹಾಕುವ ಆಸೆ ನಿಮಗೆ ಖಂಡಿತ ಇರುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ನಮ್ಮ ಕಡೆ ರಾಕ್ ಕ್ಲಬ್ಬುಗಳಿಲ್ಲ ಎನ್ನುವಿರಿ. ಕಾಲೇಜಿನ ಗ್ಯಾದರಿಂಗ್ ಇದೆ, ಗಣಪತಿ ಮಂಟಪವಿದೆ. ರಸಮಂಜರಿ ತಂಡದವರು ಊಟಕ್ಕೆ ಏಳುವಾಗ ಹದಿನೈದು ನಿಮಿಷ ಕೇಳಿ ಪಡೆಯಿರಿ. ಮೂರನೆಯ ಹಾಡಿಗೆ ಜನ ಎದ್ದು ಹೋದರೆ ಆ ಹಾಡು ಆಲ್ಬಮ್ಮಿಗೆ ಬೇಡ. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ಕೇಳಲು ರಾತ್ರಿ ಬಸ್ಸಿನಲ್ಲಿ ಹೋದವನು ನಾನು. ಅಷ್ಟು ದೊಡ್ಡ ಗುಂಪಿನ ಕೊನೆಯ ಸಾಲಿನವನೂ ಹಾಡುವಂತೆ ಮಾಡುವುದು ರೆಕಾರ್ಡಿಂಗಿನಲ್ಲಿ ಕಲಿಯುವ ವಿದ್ಯೆಯಲ್ಲವೆಂದು ಅಲ್ಲಿ ನಿಂತು ನೋಡಿದ್ದೇನೆ.

ಪ್ರಸ್ತಾರ, ಜಮಖಂಡಿ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಹಾರ್ಡ್ ರಾಕ್ ನನ್ನ ಮಗನ ಕೋಣೆಯ ಬಾಗಿಲಿನಾಚೆಯಿಂದ ಕೇಳಿ ಪರಿಚಯವಾದದ್ದು, ಆದ್ದರಿಂದ ಮೈಕುಗಳ ಬಗ್ಗೆ ಮಾತನಾಡುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ.

ನಿಮ್ಮ ಮೊದಲ ಸಾಲಿಗೆ ಪ್ರಸ್ತಾರ ಹಾಕಿ ನೋಡಿದೆ. ಮರೆತ, ಮೂರು ಮಾತ್ರೆ, ನೆನಪಿನ, ನಾಲ್ಕು, ಮಡಿಲ, ಮೂರು, ಅಲೆಯಲಿ, ನಾಲ್ಕು. ಎರಡನೆಯ ಸಾಲೂ ಹಾಗೆಯೇ ಇದೆ. ನಿಮಗೆ ಅರಿವಿಲ್ಲದೆಯೇ ಭಾಮಿನಿ ಷಟ್ಪದಿಯ ಮೊದಲೆರಡು ಪಾದಗಳನ್ನು ಬರೆದಿದ್ದೀರಿ, ಕುಮಾರವ್ಯಾಸನ ನಡೆ ನಾಲಿಗೆಯಲ್ಲಿ ಎಲ್ಲೋ ಉಳಿದುಬಿಟ್ಟಿದೆ. ನನ್ನ ಊಹೆ ಸರಿಯಾಗಿದ್ದರೆ ನಿಮ್ಮ ರಿಫ್ ನಾಲ್ಕು ನಾಲ್ಕರ ಲೆಕ್ಕದಲ್ಲಿ ನಡೆಯುತ್ತದೆ. ಏಳರ ನಡೆಯ ಪದ್ಯವನ್ನು ಎಂಟರ ನಡೆಯ ಗಾಡಿಗೆ ಹೂಡಿದರೆ ಎಲ್ಲೋ ಒಂದು ಅಕ್ಷರವನ್ನು ಎಳೆಯಲೇಬೇಕು. ಆ ಎಳೆತವೇ ನಿಮ್ಮ ಗೆಳೆಯರಿಗೆ ಭಾವಗೀತೆಯಂತೆ ಕೇಳಿಸುತ್ತಿದೆ. ಅದರ ಮೇಲೆ ಮೊದಲ ಸಾಲಿನ ಹದಿನಾಲ್ಕು ಅಕ್ಷರಗಳೂ ಲಘು, ಒಂದಾದರೂ ಗುರುವಿಲ್ಲ. ಡ್ರಮ್ಮಿನ ಪೆಟ್ಟು ಬೀಳಲು ಒಂದು ಒತ್ತಕ್ಷರವಾದರೂ ಬೇಡವೇ?

ಎರಡು ದಾರಿಗಳಿವೆ. ಸಾಲನ್ನು ಉಳಿಸಿಕೊಂಡು ರಿಫ್ಫನ್ನೇ ಮೂರು ನಾಲ್ಕು, ಮೂರು ನಾಲ್ಕು ಎಂದು ಕಟ್ಟಬಹುದು. ಅಥವಾ ರಿಫ್ಫನ್ನು ಉಳಿಸಿಕೊಂಡು ಮನೆಯಲ್ಲಿ ಆಡುವ ಮಾತಿಗೆ ಬರಬಹುದು. ಗ್ರಾಂಥಿಕ ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ; ನಮ್ಮ ಭಾಗದ ಆಡುಮಾತಿನಲ್ಲಿ ಆ ಕೊನೆಯ ಸ್ವರ ಹಲವೆಡೆ ಉದುರಿ, ಪದ ವ್ಯಂಜನಕ್ಕೆ ಬಂದು ಗಕ್ಕನೆ ನಿಲ್ಲುತ್ತದೆ. ನೀರು ಬಂದಿತು ಎನ್ನುವುದಕ್ಕೂ ನೀರ್ ಬಂತ್ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಡ್ರಮ್ಮರನಿಗೆ ಕೇಳಿಸಿ. ಉದಾಹರಣೆಗಷ್ಟೇ ಎರಡು ಸಾಲು ಕಟ್ಟಿದ್ದೇನೆ:

ಹಿತ್ತಲ ಬಾಗ್ಲಕ ನೀರ್ ಬಂತ್ ನೀರ್ ಬಂತ್
ಅಜ್ಜನ ಕೈಯಾಗ್ ಬಾಗ್ಲದ ಚಾವೀ

ಪ್ರತಿ ಸಾಲಿಗೂ ನಾಲ್ಕು ನಾಲ್ಕರ ನಾಲ್ಕು ಗಣಗಳು, ಪ್ರತಿ ಗಣದ ಮೊದಲಿಗೂ ಒಂದು ಗುರು. ಮಡಿಲು, ಅಲೆ, ನೆನಪು ಇವನ್ನೆಲ್ಲ ಬಿಟ್ಟುಬಿಡಿ. ಚಾವಿಯನ್ನು ನೀವು ಪ್ರಶ್ನೆಯಲ್ಲಿ ಬರೆದಿರಿ, ಹಾಡಿನಲ್ಲಿ ಬರೆಯಲಿಲ್ಲ.

ಏರುದನಿಯ ಹಾಡುಗಾರಿಕೆ ನಮಗೆ ಹೊರಗಿನದೆಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರು ಮತ್ತು ಸಂಗಡಿಗರು, ಗರತಿಯರ ಹಾಡುಗಳ ಜೊತೆಗೆ ಲಾವಣಿಗಳನ್ನೂ ಸಂಗ್ರಹಿಸಿ 1930ರ ದಶಕದಲ್ಲಿಯೇ ಅಚ್ಚು ಹಾಕಿಸಿದರು. ದಪ್ಪು ಎಂಬ ಚರ್ಮವಾದ್ಯ, ತುಂತುಣಿ ಎಂಬ ತಂತಿವಾದ್ಯ, ತಾಳ ಇಷ್ಟನ್ನೇ ಹಿಡಿದು, ಮೈಕಿಲ್ಲದೆ ಬಯಲಿನಲ್ಲಿ ಬೆಳಗಿನ ತನಕ ಹಾಡುತ್ತಿದ್ದ ಪರಂಪರೆ ಅದು. ಗೀಗೀ ಪದ ಹಾಡುವ ಮೇಳಗಳಲ್ಲಿ ಗಂಡಿನ ಪರ ಹರದೇಶಿ, ಹೆಣ್ಣಿನ ಪರ ನಾಗೇಶಿ ಎಂದು ಎರಡು ಪಕ್ಷಗಳಾಗಿ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು ಜವಾಬು ನಡೆಯುತ್ತದೆ. ನಿಮ್ಮಲ್ಲಿ ಎರಡು ಗಿಟಾರುಗಳಿವೆ. ಒಂದು ಹರದೇಶಿ, ಒಂದು ನಾಗೇಶಿ ಆಗಬಾರದೇಕೆ? ಆದರೆ ಜಾನಪದದ ಬಣ್ಣ ಬರಲೆಂದು ಒಂದು ಡೊಳ್ಳನ್ನು ತಂದು ಮಧ್ಯೆ ಸೇರಿಸಬೇಡಿ. ಮದುವೆಯ ಊಟದಲ್ಲಿ ಐಸ್‌ಕ್ರೀಮಿನ ಮೇಲಿಡುವ ಚೆರ್ರಿ ಹಣ್ಣಿನಂತಾದೀತು.

ಹಳೆಯ ಕ್ಯಾಸೆಟ್ಟು, ವಿಜಯಪುರ

ಬಾಯಿಯವರೆ, ಇಷ್ಟು ವರ್ಷ ರಾಕ್ ಕೇಳಿದ ನನಗೆ ಲಘು ಗುರುವಿನ ಲೆಕ್ಕ ಹೊಳೆದಿರಲಿಲ್ಲ. ಭಾಷೆಯ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ಮುಂಬೈಯ ರಾಕ್ ಮಷೀನ್ ತಂಡ 1988ರಲ್ಲಿ ಮೊದಲ ಆಲ್ಬಮ್ ತಂದಾಗ ಇಂಗ್ಲಿಷಿನಲ್ಲಿ ಹಾಡುವುದೇ ಸಹಜವೆನಿಸಿತ್ತು. ದಿಲ್ಲಿಯ ಬ್ಲಡಿವುಡ್ ತಂಡ 2022ರಲ್ಲಿ ತಂದ ಆಲ್ಬಮ್ಮಿನಲ್ಲಿ ಹಿಂದಿ, ಪಂಜಾಬಿಗಳು ಇಂಗ್ಲಿಷಿನ ಪಕ್ಕದಲ್ಲಿ ನಿಂತು ಗರ್ಜಿಸುತ್ತವೆ, ಅದನ್ನು ಯುರೋಪಿನ ಜನ ನಿಂತು ಕೇಳುತ್ತಾರೆ. ಇಂಗ್ಲಿಷಿಗೆ ಹೋಗಿ ಎನ್ನುವ ಗೆಳೆಯರಿಗೆ ಇದನ್ನು ಕೇಳಿಸಿ.

ನವನಗರದ ಗಿಟಾರು, ಬಾಗಲಕೋಟೆ

ಎಲ್ಲರಿಗೂ ಋಣಿಯಾಗಿದ್ದೇವೆ. ನಿನ್ನೆ ಸಂಜೆ ನಾಲ್ವರೂ ಕುಳಿತು ಈ ಉತ್ತರಗಳನ್ನು ಗಟ್ಟಿಯಾಗಿ ಓದಿದೆವು. ಕ್ಯಾಸೆಟ್ಟಿನ ಹಿರಿಯರ ಪ್ರಶ್ನೆಗೆ ನಿಜವಾದ ಉತ್ತರ: ಎರಡು ಸಲ. ಎರಡೂ ನಮ್ಮದೇ ಕಾಲೇಜಿನಲ್ಲಿ, ಕೇಳಿದವರು ನಮ್ಮದೇ ಗೆಳೆಯರು.

ಮೊದಲ ಹಾಡಿನ ರಿಫ್ಫನ್ನು ಏಳಕ್ಕೆ ತಿರುಗಿಸುವ ಪ್ರಯತ್ನ ಮಾಡಿದೆವು. ನಾವು ಮೂವರೂ ಬೆರಳು ಮಡಚಿ ಎಣಿಸುತ್ತಿರುವಾಗ ಡ್ರಮ್ಮರ್ ಎಣಿಸದೆಯೇ ಹಿಡಿದುಬಿಟ್ಟ. ಅವನು ಚಿಕ್ಕವನಿದ್ದಾಗ ಓಣಿಯ ಭಜನಾ ಮೇಳದಲ್ಲಿ ತಬಲಾ ಬಾರಿಸುತ್ತಿದ್ದ. "ಇದು ರೂಪಕ ಅಲ್ಲವೇ, ಏಳು ಮಾತ್ರೆ" ಎಂದು ತೀ ತೀ ನಾ, ಧೀ ನಾ, ಧೀ ನಾ ಎಂದು ಬಾಯಲ್ಲಿ ಹೇಳುತ್ತಲೇ ಸ್ನೇರಿಗೆ ಹಾಕಿದ. ಮೂರು ವರ್ಷಗಳಲ್ಲಿ ಅವನು ಒಮ್ಮೆಯೂ ಈ ವಿಷಯ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಹಾಡನ್ನು ಹಾಗೆಯೇ ಏಳರಲ್ಲಿ ಇಟ್ಟುಕೊಳ್ಳುತ್ತೇವೆ, ಆದರೆ ಸಾಲುಗಳನ್ನು ಮತ್ತೆ ಬರೆಯುತ್ತೇನೆ. ಚಾವಿಯ ಹಾಡು ಬೇರೆಯೇ ಆಗಲಿದೆ; ನಿಮ್ಮ ಎರಡು ಸಾಲುಗಳನ್ನು ಬಳಸಲು ಅನುಮತಿ ಕೊಡಿ, ಮೇಡಂ, ಇಲ್ಲವಾದರೆ ಅದೇ ಗಣಗಳಲ್ಲಿ ನಾನೇ ಬೇರೆ ಬರೆಯುತ್ತೇನೆ.

ರೆಕಾರ್ಡಿಂಗನ್ನು ಗಣಪತಿ ಹಬ್ಬದ ಆಚೆಗೆ ಮುಂದೂಡಿದ್ದೇವೆ. ಅಷ್ಟರಲ್ಲಿ ಸಿಕ್ಕ ಮಂಟಪಗಳಲ್ಲೆಲ್ಲ ನುಡಿಸಿ, ಎಂಟರಲ್ಲಿ ಉಳಿದಷ್ಟನ್ನು ಮಾತ್ರ ಬೆಳಗಾವಿಗೆ ತರುತ್ತೇವೆ. ಮೈಕಿನ ಅಣ್ಣನವರಿಗೆ ಕೊನೆಯದೊಂದು ಪ್ರಶ್ನೆ, ದಯವಿಟ್ಟು ನಗಬೇಡಿ: ನಮ್ಮ ಮಾಳಿಗೆಯ ತಗಡಿನ ಒಂದು ಹಾಳೆಯನ್ನು ಬಿಚ್ಚಿ ಹಾಲಿಗೆ ತರಬಹುದೇ?

ಟಿಳಕವಾಡಿಯ ಮೈಕು, ಬೆಳಗಾವಿ

ತನ್ನಿ. ಬೇಸ್ ಆಂಪು ಒಂದನ್ನೂ ಹೊತ್ತು ತನ್ನಿ, ಡಿಐ ಬಾಕ್ಸಿಗೆ ತಗಡು ನಡುಗುವುದಿಲ್ಲ. ಆಂಪಿನ ಎದುರಿಗೆ ಹಗ್ಗ ಕಟ್ಟಿ ಹಾಳೆಯನ್ನು ತೂಗುಬಿಡೋಣ, ನೆಲಕ್ಕೆ ತಾಗಬಾರದು. ಅದಕ್ಕೆಂದೇ ಒಂದು ಮೈಕು, ಒಂದು ಬೇರೆ ಟ್ರ್ಯಾಕು ಇಡುತ್ತೇನೆ. ಬೇಕಾದ ಕಡೆ ಏರಿಸಬಹುದು, ಬೇಡವಾದ ಕಡೆ ಮುಚ್ಚಬಹುದು. ಮಳೆಗಾಲ ಮುಗಿದ ಮೇಲೆ ಬಿಚ್ಚಿ.